ಯಮಾಟೊ ಬೇಡ, ಫೊನ್ ಡೆರ್ ಟಾನ್ ಕಟ್ಟಿ

ಪ್ರಶ್ನೆ: ನಾವು ಗೋಣಿಕೊಪ್ಪದ ಹತ್ತಿರದ ಕಾಫಿ ತೋಟದವರು. ತೋಟದ ತಗ್ಗಿನಲ್ಲಿ ಅರ್ಧ ಎಕರೆಯಷ್ಟು ಕೆರೆ ಇದೆ. ಪಿಯುಸಿ ಓದುವ ನನ್ನ ಮಗ ಮತ್ತು ಅಣ್ಣನ ಮಗ, ರಿಮೋಟ್‌ನಲ್ಲಿ ಓಡುವ ಯುದ್ಧನೌಕೆಗಳ ಕಾಳಗದ ವಿಡಿಯೊ ನೋಡಿ ಹುಚ್ಚು ಹಿಡಿಸಿಕೊಂಡಿದ್ದಾರೆ. ಒಂದರ ಮೇಲೊಂದು ಗುಂಡು ಹೊಡೆದು ನಿಜವಾಗಿಯೂ ಮುಳುಗಿಸುತ್ತವೆ. ಮಗನಿಗೆ ಜಪಾನಿನ ಯಮಾಟೊ ಬೇಕಂತೆ. ಅಣ್ಣನ ಮಗನಿಗೆ ಬಿಸ್ಮಾರ್ಕ್. ಸೇನೆಯಿಂದ ನಿವೃತ್ತನಾದ ನನಗೆ ನಮ್ಮ ಐಎನ್‌ಎಸ್ ಮೈಸೂರು ಕಟ್ಟುವ ಆಸೆ. ಮೂವರಿಗೂ ಮರಗೆಲಸ, ವೈರಿಂಗ್ ಅಷ್ಟಿಷ್ಟು ಬರುತ್ತದೆ. ಮೊದಲು ಯಾವ ಹಡಗು ಕಟ್ಟಬೇಕು?

ಉತ್ತರ: ಮೂರೂ ಬೇಡ. ಅಂದರೆ, ಮೊದಲ ಹಡಗಾಗಿ ಬೇಡ.

ನಿಮ್ಮ ಮಗ ಜರ್ಮನಿಯ ಫೊನ್ ಡೆರ್ ಟಾನ್ ಕಟ್ಟಲಿ. ಅಣ್ಣನ ಮಗ ಬ್ರಿಟನ್ನಿನ ಇನ್ವಿನ್ಸಿಬಲ್ ಕಟ್ಟಲಿ. ಎರಡೂ ಮೊದಲ ಮಹಾಯುದ್ಧದ ಬ್ಯಾಟಲ್‌ಕ್ರೂಸರ್‌ಗಳು (ದೊಡ್ಡ ತೋಪಿನ, ವೇಗದ, ಆದರೆ ಕವಚ ತೆಳುವಾದ ಯುದ್ಧನೌಕೆಗಳು), ಉದ್ದದಲ್ಲಿ ಹೆಚ್ಚುಕಡಿಮೆ ಒಂದೇ ಸಮ. ಒಂದು ಹಡಗು ಒಬ್ಬಂಟಿಯಾಗಿ ಕಾಳಗ ಮಾಡುವುದಿಲ್ಲ, ಅಲ್ವಾ? ನಿಮ್ಮ ಕೆರೆಗೆ ಹೊರಗಿನಿಂದ ಎದುರಾಳಿ ಬರುವ ಸಾಧ್ಯತೆ ಕಡಿಮೆ. ಹಾಗಾಗಿ ಆರಿಸಬೇಕಾದದ್ದು ಒಂದು ಜೋಡಿಯನ್ನು. ಬಿಸ್ಮಾರ್ಕ್ ಆಮೇಲೆ ನೋಡೋಣ. ನಿಮ್ಮ ಮೈಸೂರನ್ನು ನಾನು ಬೇಡ ಅನ್ನುವುದಿಲ್ಲ, ಸ್ವಲ್ಪ ತಡ ಮಾಡಿ ಅನ್ನುತ್ತೇನೆ ಅಷ್ಟೆ.

ಕಾರಣ ಹೇಳುವ ಮೊದಲು, ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇದು 1970ರ ದಶಕದ ಕೊನೆಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಹವ್ಯಾಸ. 20ನೇ ಶತಮಾನದ ಮೊದಲ ಅರ್ಧದಲ್ಲಿ ನಿಜವಾಗಿ ಇದ್ದ ಯುದ್ಧನೌಕೆಗಳನ್ನು 144ರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುತ್ತಾರೆ. ಕೀಲ್, ಅಂದರೆ ತಳದ ಬೆನ್ನೆಲುಬು, ಮತ್ತು ಅಡ್ಡಪಟ್ಟಿಗಳು ಪ್ಲೈವುಡ್ಡಿನವು, ಗಟ್ಟಿ. ಅದರ ಮೇಲಿನ ಹೊದಿಕೆ ಮಾತ್ರ ತೆಳು ಬಾಲ್ಸಾ ಮರ. ಈ ಹವ್ಯಾಸದ ಒಂದು ಬಗೆಯಾದ ‘ವೇಗದ ತೋಪಿನ’ ಆಟದಲ್ಲಿ ಈ ಹೊದಿಕೆಯ ದಪ್ಪ ಇಂಚಿನ 32ನೇ ಒಂದು ಪಾಲು, ಅಂದರೆ 0.8 ಮಿಲಿಮೀಟರ್. ಕಾರ್ಬನ್ ಡೈಆಕ್ಸೈಡ್ ಗ್ಯಾಸ್‌ನ ಒತ್ತಡದಲ್ಲಿ ಸುಮಾರು 4.5 ಮಿಲಿಮೀಟರಿನ ಉಕ್ಕಿನ ಗುಂಡು ಹಾರುತ್ತದೆ. ಹೊದಿಕೆ ತೂತಾಗುತ್ತದೆ, ನೀರು ನುಗ್ಗುತ್ತದೆ, ಒಳಗಿನ ಪಂಪ್ ಅದನ್ನು ಹೊರಗೆ ಎಸೆಯುತ್ತಾ ಇರುತ್ತದೆ. ಪಂಪ್ ಸೋತರೆ ಹಡಗು ಮುಳುಗುತ್ತದೆ. ಅಂಕ ಎಣಿಸುವುದೂ ಸರಳ: ನೀರಿನ ಗೆರೆಗಿಂತ (ಹಡಗು ತೇಲುವಾಗ ನೀರಿನ ಮಟ್ಟ ತಾಗುವ ಜಾಗ) ಎತ್ತರದಲ್ಲಿ ಬಿದ್ದ ತೂತಿಗೆ 10, ಸರಿಯಾಗಿ ಗೆರೆಯಲ್ಲೇ ಬಿದ್ದರೆ 25, ಗೆರೆಗಿಂತ ಕೆಳಗೆ ಬಿದ್ದರೆ 50. ಮುಳುಗಿಸಿದರೆ ಅದಕ್ಕೆ ಬೇರೆ ಅಂಕ. ಹಡಗನ್ನು ಎತ್ತಿ, ಒಣಗಿಸಿ, ತೂತು ಮುಚ್ಚಿ ಮತ್ತೆ ನೀರಿಗೆ ಬಿಡುತ್ತಾರೆ.

ಈ ಆಟದಲ್ಲಿ ಹಡಗು ಆರಿಸುವವರು ಸಾಮಾನ್ಯವಾಗಿ ಹೆಸರು ನೋಡಿ ಆರಿಸುತ್ತಾರೆ, ಇಲ್ಲವೇ ತೋಪು ಎಣಿಸಿ ಆರಿಸುತ್ತಾರೆ. ನಾನು ಕೇಳುವ ಪ್ರಶ್ನೆಗಳು ಬೇರೆ. ಇದು ಎಷ್ಟು ಬೇಗ ತಿರುಗುತ್ತದೆ? ಹೊಟ್ಟೆಯೊಳಗೆ ಒಂದು ಲೀಟರ್ ನೀರು ಬಂದ ಮೇಲೂ ನೆಟ್ಟಗೆ ನಿಲ್ಲುತ್ತದಾ? ಇವೆರಡಕ್ಕೆ ಒಳ್ಳೆಯ ಉತ್ತರ ಕೊಡುವ ಹಡಗು ಹೊಸಬರ ಕೈಯಲ್ಲೂ ಉಳಿಯುತ್ತದೆ.

ಲೆಕ್ಕದಿಂದ ಶುರು ಮಾಡೋಣ. 144ರ ಅಳತೆಯಲ್ಲಿ ಒಂದು ಅನುಕೂಲ ಇದೆ. ನಿಜ ಹಡಗಿನ 12 ಅಡಿ ಮಾಡೆಲ್‌ನಲ್ಲಿ 1 ಇಂಚು. ಉದ್ದ ಎಷ್ಟು ಅಡಿಯೋ ಅದನ್ನು 12ರಿಂದ ಭಾಗಿಸಿದರೆ ಇಂಚು ಸಿಕ್ಕಿತು. ತೂಕಕ್ಕೆ 144ನ್ನು ಮೂರು ಸಲ ಗುಣಿಸಬೇಕು, ಸುಮಾರು 30 ಲಕ್ಷ ಬರುತ್ತದೆ. ಹಾಗಾಗಿ ನಿಜ ಹಡಗಿನ ಪ್ರತಿ 3,000 ಟನ್ನಿಗೆ ಮಾಡೆಲ್‌ನಲ್ಲಿ 1 ಕಿಲೋ. ಈ ಎರಡು ಸೂತ್ರ ಹುಡುಗರಿಗೆ ಹೇಳಿಕೊಡಿ. ಯಾವ ಹಡಗಿನ ಚಿತ್ರ ನೋಡಿದರೂ ಅದು ಜೀಪಿನ ಹಿಂದೆ ಹಿಡಿಸುತ್ತದಾ ಇಲ್ಲವಾ ಎಂದು ಅವರೇ ಹೇಳುತ್ತಾರೆ.

ಯಮಾಟೊ 263 ಮೀಟರ್ ಉದ್ದ, ಸುಮಾರು 39 ಮೀಟರ್ ಅಗಲ, ಪೂರ್ತಿ ಭಾರ ತುಂಬಿದಾಗ 72,000 ಟನ್ನಿಗೂ ಜಾಸ್ತಿ. ಮಾಡೆಲ್‌ನಲ್ಲಿ 1.83 ಮೀಟರ್ ಉದ್ದ, 27 ಸೆಂಟಿಮೀಟರ್ ಅಗಲ, 24 ಕಿಲೋ. ಅದು ತನ್ನ ನೀರಿನ ಗೆರೆಗೆ ಸರಿಯಾಗಿ ಕೂರಬೇಕಾದರೆ ಅಷ್ಟು ತೂಕ ಇರಲೇಬೇಕು, ಕಡಿಮೆ ಮಾಡುವ ಹಾಗಿಲ್ಲ. ಆಳೆತ್ತರದ ಅರ್ಧ ಮೂಟೆ ಕಾಫಿಯನ್ನು, ಅದೂ ತೆಳು ಬಾಲ್ಸಾ ಚರ್ಮದ್ದನ್ನು, ಜಾರುವ ಇಳಿಜಾರಿನಲ್ಲಿ ಕೆರೆವರೆಗೆ ಇಬ್ಬರು ಹೊತ್ತು ಇಳಿಸಬೇಕು. ಮುಳುಗಿದ ಮೇಲೆ ನೀರು ತುಂಬಿದ ಅದನ್ನೇ ಕೆಸರಿನಿಂದ ಎತ್ತಬೇಕು. ಕೆಲಸವೂ ಹಾಗೆಯೇ: ಹೊದಿಕೆಯ ವಿಸ್ತಾರ ಚಿಕ್ಕ ಹಡಗಿನ ಎರಡರಷ್ಟು, ಮೋಟರ್ ದೊಡ್ಡದು, ಬ್ಯಾಟರಿ ದೊಡ್ಡದು. ದೊಡ್ಡ ಹಡಗು ಅರ್ಧ ಕಟ್ಟಿ ಷೆಡ್ಡಿನ ಅಟ್ಟ ಸೇರುವುದು ಈ ಹವ್ಯಾಸದಲ್ಲಿ ಮಾಮೂಲಿ. ಅದರಲ್ಲೂ ಪಿಯುಸಿ ಹುಡುಗರಿಗೆ ಪರೀಕ್ಷೆ, ಸಿಇಟಿ ಎಲ್ಲ ತಲೆ ಮೇಲಿರುತ್ತದೆ.

ಯಮಾಟೊ ಬಗ್ಗೆ ಮಗನಿಗೆ ಇನ್ನೊಂದು ವಿಷಯ ಹೇಳಬಹುದು. 46 ಸೆಂಟಿಮೀಟರ್ ಬಾಯಿಯ 9 ತೋಪು ಹೊತ್ತ, ಪ್ರಪಂಚದಲ್ಲೇ ಅತಿ ಭಾರದ ಆ ಯುದ್ಧನೌಕೆ 1945ರ ಏಪ್ರಿಲ್ 7ರಂದು ಮುಳುಗಿದ್ದು ಅಮೆರಿಕದ ವಿಮಾನಗಳ ಬಾಂಬ್, ಟಾರ್ಪಿಡೊಗಳಿಂದ. ಇನ್ನೊಂದು ಹಡಗಿನ ಜೊತೆ ಮುಖಾಮುಖಿ ನಿಂತು ಸೋತದ್ದಲ್ಲ. ಗಾತ್ರ ಅದನ್ನು ಉಳಿಸಲಿಲ್ಲ.

ಬಿಸ್ಮಾರ್ಕ್ ಕಥೆ ಸ್ವಲ್ಪ ಬೇರೆ. ಕಾಳಗದ ಮಾಡೆಲ್ ಆಗಿ ಅದು ನಿಜಕ್ಕೂ ಒಳ್ಳೆಯದು. ಅಗಲವಾದ ಒಡಲು, ಮೂರು ಪ್ರೊಪೆಲ್ಲರ್, ಅಕ್ಕಪಕ್ಕ ಎರಡು ಚುಕ್ಕಾಣಿ. ಆದರೆ 251 ಮೀಟರಿನ ಹಡಗು ಮಾಡೆಲ್‌ನಲ್ಲಿ 1.74 ಮೀಟರ್ ಆಗುತ್ತದೆ, ಪೂರ್ತಿ ಭಾರದಲ್ಲಿ 17 ಕಿಲೋ ಹತ್ತಿರ. ಮೊದಲ ಹಡಗು ಕಟ್ಟಿ, ನಾಲ್ಕು ಸಲ ಮುಳುಗಿಸಿ, ಎತ್ತಿ, ಎಲ್ಲಿ ನೀರು ನಿಲ್ಲುತ್ತದೆ, ಯಾವ ವೈರ್ ಮೊದಲು ಕೈ ಕೊಡುತ್ತದೆ ಎಂದು ಗೊತ್ತಾದ ಮೇಲೆ ಇದಕ್ಕೆ ಕೈ ಹಾಕಲಿ. ಬಿಸ್ಮಾರ್ಕ್ ಸತ್ತದ್ದು ಹೇಗೆ ಎಂಬುದು ಹುಡುಗನಿಗೆ ಗೊತ್ತೇ ಇರುತ್ತದೆ: 1941ರ ಮೇ 26ರಂದು ಒಂದು ಹಳೆ ಕಾಲದ ಎರಡು ರೆಕ್ಕೆಯ ಸ್ವೋರ್ಡ್‌ಫಿಶ್ ವಿಮಾನದ ಟಾರ್ಪಿಡೊ ಹಿಂಭಾಗಕ್ಕೆ ಬಡಿದು ಚುಕ್ಕಾಣಿ ಸಿಕ್ಕಿಕೊಂಡಿತು. ತಿರುಗಲಾಗದ ಹಡಗನ್ನು ಮರುದಿನ ಬ್ರಿಟಿಷರು ಸುತ್ತುವರಿದು ಮುಗಿಸಿದರು. ತೋಪು, ಉಕ್ಕಿನ ಕವಚ ಎಲ್ಲ ಇತ್ತು. ಚುಕ್ಕಾಣಿ ಇರಲಿಲ್ಲ.

ಈಗ ನಿಮ್ಮ ಮೈಸೂರು. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನನಗೂ ಆ ಹಡಗು ಇಷ್ಟ. ಅದು ಮೊದಲು ಬ್ರಿಟಿಷ್ ನೌಕಾಪಡೆಯ ನೈಜೀರಿಯಾ. 1940ರಲ್ಲಿ ಸೇವೆಗೆ ಬಂತು. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಸರಕು ಒಯ್ಯುವ ಹಡಗುಗಳ ಕಾವಲಿಗಿದ್ದಾಗ ಇಟಲಿಯ ಸಬ್‌ಮರೀನ್ ಆಕ್ಸುಮ್‌ನ ಟಾರ್ಪಿಡೊ ತಿಂದೂ ಉಳಿಯಿತು. 1957ರಲ್ಲಿ ಭಾರತದ ನೌಕಾಪಡೆಗೆ ಬಂದು ಮೈಸೂರು ಆಯಿತು. 1961ರ ಡಿಸೆಂಬರಿನ ಗೋವಾ ಕಾರ್ಯಾಚರಣೆಯಲ್ಲಿ ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪಕ್ಕೆ ಹೋದದ್ದು ಇದೇ ಮೈಸೂರು ಮತ್ತು ತ್ರಿಶೂಲ್. 1985ರವರೆಗೆ ದುಡಿಯಿತು. ಕನ್ನಡಿಗರು ಕಟ್ಟಲೇಬೇಕಾದ ಹಡಗು ಅಂತ ಒಂದಿದ್ದರೆ ಅದು ಇದೇ.

ಆದರೆ ಮನಸ್ಸು ಬಿಟ್ಟು ಟೇಪ್ ಹಿಡಿಯಿರಿ. ಉದ್ದ 555 ಅಡಿ ಚಿಲ್ಲರೆ, ಅಗಲ 62 ಅಡಿ. ಮಾಡೆಲ್‌ನಲ್ಲಿ 46 ಇಂಚು ಉದ್ದ, ಬರೀ 5 ಇಂಚು ಅಗಲ. ತೂಕ ಮೂರರಿಂದ ಮೂರೂವರೆ ಕಿಲೋ. ಇಷ್ಟರಲ್ಲಿ ಒಡಲು, ಮೋಟರ್, ಬ್ಯಾಟರಿ, ಗ್ಯಾಸ್ ಬಾಟಲಿ, ರೆಗ್ಯುಲೇಟರ್, ತೋಪು, ಪಂಪ್, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟರ್ ಸರ್ವೊ ಎಲ್ಲ ಸೇರಬೇಕು. ಒಂದೊಂದು ಗ್ರಾಮಿಗೂ ಲೆಕ್ಕ ಬರೆಯಬೇಕಾಗುತ್ತದೆ. ಬ್ಯಾಟಲ್‌ಕ್ರೂಸರ್‌ನಲ್ಲಿ ತೂಕ ಸಾಲದೆ ಕೊನೆಗೆ ಸೀಸ ಹಾಕಬೇಕಾಗಬಹುದು. ಇಲ್ಲಿ ಸ್ಕ್ರೂ ತೆಗೆದು ಅಂಟು ಹಾಕಿ ತೂಕ ಉಳಿಸಬೇಕು.

ತೂಕಕ್ಕಿಂತ ದೊಡ್ಡ ತೊಂದರೆ ಅಗಲದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಡಗು ಆರಿಸುವುದರ ಜೀವಾಳ ಇಲ್ಲೇ ಇದೆ.

ತೇಲುವ ವಸ್ತು ಪಕ್ಕಕ್ಕೆ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಮುಖ್ಯವಾಗಿ ನೀರಿನ ಗೆರೆಯಲ್ಲಿ ಅದಕ್ಕಿರುವ ಅಗಲ. ಈ ಆಸರೆ ಅಗಲದ ಜೊತೆ ಸಮವಾಗಿ ಏರುವುದಿಲ್ಲ, ಅಗಲವನ್ನು ಮೂರು ಸಲ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. ಉದ್ದ ಅಷ್ಟೇ ಇಟ್ಟು ಅಗಲ ಒಂದೂವರೆ ಪಟ್ಟು ಮಾಡಿದರೆ ಆಸರೆ ಮೂರು ಪಟ್ಟಿಗಿಂತ ಜಾಸ್ತಿ. ತೂಕವೂ ಏರುವುದರಿಂದ ಅಷ್ಟೂ ಲಾಭ ಕೈಗೆ ಸಿಗುವುದಿಲ್ಲ, ನಿಜ. ಆದರೂ ವ್ಯತ್ಯಾಸ ದೊಡ್ಡದೇ. ಇನ್ನು ಒಳಗೆ ನುಗ್ಗಿದ ನೀರು. ಅದು ಒಂದೇ ಕಡೆ ಕೂತಿದ್ದರೆ ಬರೀ ಭಾರ. ಆದರೆ ಅದು ಕೂರುವುದಿಲ್ಲ. ಹಡಗು ಎಡಕ್ಕೆ ವಾಲಿದರೆ ನೀರೆಲ್ಲ ಎಡಕ್ಕೆ ಓಡಿ ಇನ್ನೂ ವಾಲಿಸುತ್ತದೆ. ಮೈಸೂರಿನಂಥ, ಅಗಲ ಕಡಿಮೆ ಇರುವ ಕ್ರೂಸರ್‌ಗೆ ಮೊದಲೇ ಆಸರೆ ಕಡಿಮೆ, ಅದರ ಮೇಲೆ ಈ ಓಡಾಡುವ ನೀರು. ಜೋರಾಗಿ ತಿರುಗಿಸಿದ ಕೂಡಲೇ ಮಗುಚಿಕೊಳ್ಳುತ್ತದೆ. ಎಷ್ಟೋ ಕ್ರೂಸರ್‌ಗಳು ಗುಂಡಿನ ತೂತಿಗಿಂತ ಈ ಕಾರಣಕ್ಕೇ ಕೆರೆ ತಳ ಸೇರುವುದು.

ಮೈಸೂರಿಗೆ ಹೇಳಿದ್ದೇ ಐಎನ್‌ಎಸ್ ದೆಹಲಿಗೂ. ಅದು ಹಿಂದೆ ಅಕಿಲಿಸ್ ಆಗಿ 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ರಿವರ್ ಪ್ಲೇಟ್‌ನಲ್ಲಿ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀ ಜೊತೆ ಕಾದಾಡಿದ ಹಡಗು. ಅಗಲ ಮೈಸೂರಿಗಿಂತಲೂ ಕಡಿಮೆ. 1914ರಲ್ಲಿ ಮದರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನ್ ಕ್ರೂಸರ್ ಎಂಡೆನ್ ಬಗ್ಗೆಯೂ ಜನ ಕೇಳುತ್ತಾರೆ. ಅದರ ಮಾಡೆಲ್ 82 ಸೆಂಟಿಮೀಟರ್ ಉದ್ದ, ಒಂದು ಕಿಲೋ ಚಿಲ್ಲರೆ ತೂಕ. ಷೋಕೇಸ್‌ನಲ್ಲಿಡಲು ಚೆಂದ.

ಫೊನ್ ಡೆರ್ ಟಾನ್‌ಗೆ ಬರೋಣ. ಬ್ರಿಟನ್ 1907ರಲ್ಲಿ ಇನ್ವಿನ್ಸಿಬಲ್ ಎಂಬ ಹೊಸ ಬಗೆಯ ಹಡಗನ್ನು ನೀರಿಗಿಳಿಸಿದಾಗ ಜರ್ಮನಿ ಕೊಟ್ಟ ಉತ್ತರ ಇದು. ಹ್ಯಾಂಬರ್ಗಿನ ಬ್ಲೋಮ್ ಉಂಟ್ ಫೋಸ್ ಕಟ್ಟಿದ್ದು, 1910ರಲ್ಲಿ ಸೇವೆಗೆ ಬಂತು. ಉದ್ದ ಸುಮಾರು 172 ಮೀಟರ್, ಅಗಲ 26.6 ಮೀಟರ್. ಮಾಡೆಲ್‌ನಲ್ಲಿ 119 ಸೆಂಟಿಮೀಟರ್ ಉದ್ದ, ಹದಿನೆಂಟೂವರೆ ಸೆಂಟಿಮೀಟರ್ ಅಗಲ, ಆರೂವರೆಯಿಂದ ಏಳು ಕಿಲೋ ತೂಕ. ಗಮನಿಸಿ, ಉದ್ದದಲ್ಲಿ ಇದು ಮೈಸೂರಿನಷ್ಟೇ. ಅಗಲ ಮಾತ್ರ ಸುಮಾರು ಒಂದೂವರೆ ಪಟ್ಟು. ಒಬ್ಬ ಹುಡುಗ ಎತ್ತಬಹುದು. ಒಳಗೆ ಕೈ ಹಾಕಿ ಕೆಲಸ ಮಾಡಲು ಜಾಗ ಇದೆ. ಇದು ಚಿಕ್ಕ ಮಾತಲ್ಲ. ಕೆರೆ ದಡದಲ್ಲಿ ಕೂತು ಒದ್ದೆ ಕೈಯಲ್ಲಿ ಫ್ಯೂಸ್ ಬದಲಾಯಿಸುವಾಗ ಬೆರಳು ಹೋಗುವಷ್ಟು ಜಾಗ ಇರಬೇಕು.

ಇದಕ್ಕೆ ಅಕ್ಕಪಕ್ಕ ಎರಡು ಚುಕ್ಕಾಣಿ. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ರಭಸವಾಗಿ ಹರಿದಾಗ. ಆ ರಭಸ ಬರುವುದು ಅದರ ಮುಂದಿರುವ ಪ್ರೊಪೆಲ್ಲರ್‌ನಿಂದ. ನಿಜ ಹಡಗಿನಲ್ಲಿ ನಾಲ್ಕು ಪ್ರೊಪೆಲ್ಲರ್ ಇದ್ದವು. ಮಾಡೆಲ್‌ನಲ್ಲಿ ಒಳಗಿನ ಎರಡನ್ನು ಮಾತ್ರ ಮೋಟರ್‌ಗೆ ಜೋಡಿಸಿ, ಅವು ತಳ್ಳುವ ನೀರು ನೇರವಾಗಿ ಚುಕ್ಕಾಣಿಗೆ ಬಡಿಯುವ ಹಾಗೆ ನೋಡಿಕೊಳ್ಳಿ. ಹೊರಗಿನ ಎರಡು ತೋರಿಕೆಗೆ ಸುಮ್ನೆ ತಿರುಗುತ್ತಿರಲಿ. ಇದೇ ಸಾಲಿನ ಆಮೇಲಿನ ಜರ್ಮನ್ ಹಡಗುಗಳು, ಮೋಲ್ಟ್‌ಕೆ ಮತ್ತು ಜೈಡ್ಲಿಟ್ಸ್, ಹೆಚ್ಚು ಪ್ರಸಿದ್ಧ. ಜೈಡ್ಲಿಟ್ಸ್ ಅಂತೂ ಬ್ರಿಟನ್ ಮತ್ತು ಜರ್ಮನಿ ನಡುವೆ 1916ರಲ್ಲಿ ನಡೆದ ಜಟ್ಲೆಂಡ್ ಕಾಳಗದಲ್ಲಿ 5,000 ಟನ್ನಿಗೂ ಜಾಸ್ತಿ ನೀರು ಕುಡಿದು, ಮೂಗು ಮುಳುಗಿಸಿಕೊಂಡು ಮನೆ ಸೇರಿದ ಗಟ್ಟಿಗಿತ್ತಿ. ಆದರೆ ಅವುಗಳ ಚುಕ್ಕಾಣಿಗಳು ಅಕ್ಕಪಕ್ಕ ಇಲ್ಲ, ಒಂದರ ಹಿಂದೆ ಒಂದು. ಮಾಡೆಲ್‌ನಲ್ಲಿ ಅದನ್ನು ಚುರುಕಾಗಿ ತಿರುಗಿಸುವುದು ಕಷ್ಟ.

ತಿರುಗುವುದಕ್ಕೆ ಯಾಕೆ ಇಷ್ಟು ಒತ್ತು ಅಂತೀರಾ? ನಿಮ್ಮ ಕೆರೆ ಅರ್ಧ ಎಕರೆ, ಅಂದರೆ ಹೆಚ್ಚುಕಡಿಮೆ 45 ಮೀಟರಿನ ಚೌಕ. ಇಂಥ ಹಡಗು ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಜಾಸ್ತಿ ಓಡುತ್ತದೆ. 40 ಸೆಕೆಂಡಿನೊಳಗೆ ಆಚೆ ದಡ ಬಂತು. ಆಮೇಲೆ ತಿರುಗಲೇಬೇಕು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈ ಮಾಡೆಲ್‌ಗಳಲ್ಲಿ ತೋಪುಗಳು ಬಹುಪಾಲು ಒಂದೇ ದಿಕ್ಕಿಗೆ ಕಟ್ಟಿ ಕೂರಿಸಿರುತ್ತವೆ. ತೋಪಿನ ಗುಮ್ಮಟ ತಿರುಗಿಸುವ ಏರ್ಪಾಟು ಮಾಡಬಹುದು, ಹೊಸಬರಿಗೆ ಬೇಡ. ಹಾಗಾದರೆ ಗುರಿ ಇಡುವುದು ಹೇಗೆ? ಹಡಗನ್ನೇ ತಿರುಗಿಸಿ. ಅಂದಮೇಲೆ ಚುಕ್ಕಾಣಿಯೇ ನಿಮ್ಮ ಗುರಿಕಣ್ಣು. ಎಂಟು ತೋಪಿದ್ದೂ ತಿರುಗದ ಹಡಗು ನೀರನ್ನೇ ಹೊಡೆಯುತ್ತಾ ಇರುತ್ತದೆ.

ತೋಪಿನ ಎಣಿಕೆಯ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ನಿಜ ಹಡಗಿನಲ್ಲಿದ್ದ ತೋಪುಗಳೆಲ್ಲ ಮಾಡೆಲ್‌ನಲ್ಲಿ ಗುಂಡು ಹಾರಿಸುವುದಿಲ್ಲ. ಹಡಗಿನ ವರ್ಗಕ್ಕೆ ತಕ್ಕಂತೆ ಇಷ್ಟು ಪಾಲು ಅಂತ ಕೊಡುತ್ತಾರೆ. ಒಂದು ಪಾಲಿಗೆ ಒಂದು ತೋಪು, 50 ಗುಂಡು. ಪಂಪ್ ಇಡುವುದಕ್ಕೂ ಅದರಲ್ಲೇ ಕಳೆಯಬೇಕು. ಉಳಿದ ತೋಪುಗಳು ಬರೀ ಕೊಳವೆ. ಬ್ರಿಟನ್ನಿನ ಅಜಿನ್‌ಕೋರ್ಟ್‌ಗೆ ಏಳು ಗುಮ್ಮಟಗಳಲ್ಲಿ 14 ದೊಡ್ಡ ತೋಪು ಇದ್ದವು, ಫೋಟೊದಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಮಾಡೆಲ್ ಮೈದಾನದಲ್ಲಿ ಅದರಿಂದ ಏನೂ ಸಿಗುವುದಿಲ್ಲ. ಫೊನ್ ಡೆರ್ ಟಾನ್‌ಗೆ ಮುಂದೆ ಒಂದು, ಹಿಂದೆ ಒಂದು, ನಡುವೆ ಓರೆಯಾಗಿ ಎರಡು ಗುಮ್ಮಟ. ಒಟ್ಟು 8 ತೋಪು. ನೀವು ಹಿಂದಿನ ಗುಮ್ಮಟದ ಎರಡನ್ನು ಮೊದಲು ಕೆಲಸಕ್ಕೆ ಹಚ್ಚಿ. ಬೆನ್ನಟ್ಟಿ ಬರುವವನ ಮೂತಿಗೆ ಓಡುತ್ತಲೇ ಹೊಡೆಯುವುದು ಹೊಸಬರಿಗೆ ಸುಲಭದ ಕಾಳಗ.

ಈ ಹಡಗಿನ ಚರಿತ್ರೆಯೂ ಹುಡುಗನಿಗೆ ಹಿಡಿಸಬಹುದು. 1916ರ ಮೇ 31ರಂದು ಜಟ್ಲೆಂಡ್‌ನಲ್ಲಿ ಇದು ಬ್ರಿಟನ್ನಿನ ಇನ್‌ಡಿಫ್ಯಾಟಿಗಬಲ್ ಎಂಬ ಬ್ಯಾಟಲ್‌ಕ್ರೂಸರನ್ನು ಸ್ಫೋಟಿಸಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ ಅದೇ ದಿನ ಏಟು ತಿಂದು, ಯಂತ್ರ ಕೆಟ್ಟು, ಇದರ ದೊಡ್ಡ ತೋಪುಗಳೆಲ್ಲ ಒಂದಷ್ಟು ಹೊತ್ತು ಮೂಕವಾದವು. ಆದರೂ ಕ್ಯಾಪ್ಟನ್ ಸಾಲು ಬಿಟ್ಟು ಹೋಗಲಿಲ್ಲ. ಶತ್ರುವಿನ ಗುಂಡು ಉಳಿದ ಹಡಗುಗಳಿಗೆ ಹಂಚಿಹೋಗದಿರಲಿ ಅಂತ ತಾನೇ ಗುರಿಯಾಗಿ ನಿಂತ. ಮಾಡೆಲ್ ಕಾಳಗದಲ್ಲೂ ತೋಪು ಸಿಕ್ಕಿಕೊಳ್ಳುವುದು ದಿನನಿತ್ಯದ ಗೋಳು. ಗ್ಯಾಸ್ ಸೋರುತ್ತದೆ, ಗುಂಡು ಅಡ್ಡ ಕೂರುತ್ತದೆ. ಆಗಲೂ ಚೆನ್ನಾಗಿ ತಿರುಗುವ, ನೀರು ತಡೆಯುವ ಹಡಗು ಇದ್ದರೆ ಎದುರಾಳಿಯ ಗುಂಡು ಖಾಲಿ ಮಾಡಿಸಬಹುದು. ಯುದ್ಧ ಮುಗಿದ ಮೇಲೆ, 1919ರ ಜೂನ್ 21ರಂದು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ಜರ್ಮನ್ನರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರಲ್ಲ, ಅದರಲ್ಲಿ ಇದೂ ಹೋಯಿತು.

ಇನ್ವಿನ್ಸಿಬಲ್ ಅಣ್ಣನ ಮಗನಿಗೆ ಯಾಕೆ? ಉದ್ದ 567 ಅಡಿ, ಮಾಡೆಲ್‌ನಲ್ಲಿ ಸುಮಾರು 120 ಸೆಂಟಿಮೀಟರ್. ಇದಕ್ಕೂ 8 ತೋಪು, ಇದಕ್ಕೂ ಮುಂದೊಂದು ಹಿಂದೊಂದು ನಡುವೆ ಎರಡು ಗುಮ್ಮಟ. ಇದರ ಚರಿತ್ರೆ ಇನ್ನೂ ಏರಿಳಿತದ್ದು: 1914ರ ಡಿಸೆಂಬರ್ 8ರಂದು ದಕ್ಷಿಣ ಅಟ್ಲಾಂಟಿಕ್ಕಿನ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ಜರ್ಮನಿಯ ಅಡ್ಮಿರಲ್ ಸ್ಪೀಯ ದಳವನ್ನು ಮುಗಿಸಿದ ಬ್ರಿಟಿಷ್ ಹಡಗುಗಳಲ್ಲಿ ಇದು ಮುಖ್ಯ. ಎಂಡೆನ್ ಮೊದಲು ಅದೇ ದಳದಲ್ಲಿತ್ತು. ಜಟ್ಲೆಂಡ್‌ನಲ್ಲಿ ಸ್ಫೋಟಿಸಿ ಎರಡು ತುಂಡಾದಾಗ ಉಳಿದವರು ಆರೇ ಜನ. ಮಾಡೆಲ್‌ನಲ್ಲಿ ಇದರ ಅಗಲ ಫೊನ್ ಡೆರ್ ಟಾನ್‌ಗಿಂತ ಎರಡು ಸೆಂಟಿಮೀಟರ್ ಕಡಿಮೆ, ತೂಕವೂ ಒಂದಿಷ್ಟು ಕಡಿಮೆ. ಹಾಗಾಗಿ ನೀರು ತುಂಬಿದಾಗ ಇದು ಸ್ವಲ್ಪ ಬೇಗ ವಾಲುತ್ತದೆ. ಇದನ್ನು ಮುಚ್ಚಿಟ್ಟು ಕಟ್ಟಿಸಬೇಡಿ, ಮೊದಲೇ ಹೇಳಿ. ಒಪ್ಪದಿದ್ದರೆ ಅವನು ಜರ್ಮನಿಯ ನಸ್ಸೌ ತೆಗೆದುಕೊಳ್ಳಲಿ. ಉದ್ದ ಒಂದು ಮೀಟರ್ ಮಾತ್ರ, ಅಗಲ ಸುಮಾರು 19 ಸೆಂಟಿಮೀಟರ್, ಅಕ್ಕಪಕ್ಕ ಎರಡು ಚುಕ್ಕಾಣಿ. ಮೊಂಡು ಮೂಗಿನ ನಿಧಾನದ ಹಡಗು, ನೋಡಲು ಚೆಂದವಿಲ್ಲ. ಆದರೆ ಕಾಲೂರಿ ನಿಲ್ಲುತ್ತದೆ. ಚಿಕ್ಕ ಕೆರೆಗೆ ನನ್ನ ಮನಸ್ಸು ಒಂದೊಂದು ಸಲ ಇದರ ಕಡೆಗೇ ವಾಲುವುದುಂಟು.

ಇನ್ನು ಕೊಡಗಿನಲ್ಲಿ ಕಟ್ಟುವುದರ ಬಗ್ಗೆ. ತೋಪು ಮಾಡುವ ಮೊದಲು ಕಾನೂನು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಗ್ಯಾಸಿನಿಂದ ಗುಂಡು ಹಾರಿಸುವ ಸಾಧನವನ್ನು ಮನೆಯಲ್ಲಿ ತಯಾರಿಸುವುದಕ್ಕೆ ಅದು ಅನ್ವಯಿಸುತ್ತದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಹಡಗಿನ ಚಿತ್ರ, ತೋಪಿನ ಚಿತ್ರ ಹಿಡಿದು ಠಾಣೆಗೆ ಹೋಗಿ, ಬರವಣಿಗೆಯಲ್ಲಿ ಕೇಳಿ. ನೀವು ಸೇನೆಯಲ್ಲಿದ್ದವರು, ಇದನ್ನು ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಬರುವ ತನಕ ಹುಡುಗರು ತೋಪಿಲ್ಲದ ಹಡಗು ಕಟ್ಟಿ ಓಡಿಸಲಿ. ಹೇಗೂ ಮೊದಲ ಕೆಲವು ತಿಂಗಳು ಅದೇ ಕೆಲಸ.

ಕಣ್ಣಿಗೆ ಸೇಫ್ಟಿ ಕನ್ನಡಕ ಇಲ್ಲದೆ ಯಾರೂ ದಡದಲ್ಲಿ ನಿಲ್ಲಬಾರದು. ನೋಡಲು ಬಂದ ಅಜ್ಜಿಯೂ ಸೇರಿ. ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಹಿಂದೆ ಯಾರಿದ್ದಾರೆ ಅಂತ ನೋಡುತ್ತೀರಲ್ಲ, ಅದೇ ಎಚ್ಚರ ಇಲ್ಲೂ ಬೇಕು. ನೀರಿಗೆ ತಾಗಿದ ಗುಂಡು ಚಿಮ್ಮಿ ಎಲ್ಲಿಗೆ ಬೇಕಾದರೂ ಹೋಗಬಹುದು. ಕಾಫಿ ಕೊಯ್ಲಿನವರು ಪಕ್ಕದ ಸಾಲಿನಲ್ಲಿದ್ದರೆ ಆ ದಿನ ಆಟ ಬೇಡ. ಹೊದಿಕೆಗೆ ತೋಟದ ಸಿಲ್ವರ್ ಓಕ್ ಸೀಳಿ ಹಾಕೋಣ ಅನ್ನುವ ಯೋಚನೆ ಬಂದರೆ ಬಿಡಿ. ಗಟ್ಟಿ ಮರಕ್ಕೆ ಬಡಿದ ಗುಂಡು ವಾಪಸ್ ಬರುತ್ತದೆ. ಬಾಲ್ಸಾ ಹಾಳೆ ವಿಮಾನದ ಮಾಡೆಲ್ ಸಾಮಾನು ಮಾರುವ ಅಂಗಡಿಗಳಿಂದ ಆನ್‌ಲೈನ್‌ನಲ್ಲಿ ತರಿಸಬಹುದು. ಗುಂಡು ಉಕ್ಕಿನದೇ ಇರಲಿ. ಸೀಸದ್ದು ಬೇಡ, ಆ ಕೆರೆಯ ನೀರು ಗಿಡಕ್ಕೂ ಹೋಗುತ್ತದೆ, ಮೀನಿಗೂ ಬೇಕು.

ಮಳೆಗಾಲದಲ್ಲಿ ಬಾಲ್ಸಾ ತೇವ ಕುಡಿದು ಉಬ್ಬುತ್ತದೆ, ಬಣ್ಣ ಒಣಗುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೀಲ್, ಅಡ್ಡಪಟ್ಟಿ, ವೈರಿಂಗ್ ಕೆಲಸ ಇಟ್ಟುಕೊಳ್ಳಿ. ಹೊದಿಕೆ ಅಂಟಿಸುವುದು ಅಕ್ಟೋಬರ್‌ನಲ್ಲಿ. ಅಂಟಿಸುವ ಮೊದಲು ಹಾಳೆಗಳನ್ನು ಅಡುಗೆ ಮನೆಯ ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿಡಿ. ಕೆರೆ ತುಂಬಿದ್ದು, ಮಳೆ ನಿಂತದ್ದು, ಎರಡೂ ಕೂಡುವುದು ನವೆಂಬರ್ ಸುಮಾರಿಗೆ. ಫೆಬ್ರವರಿ ಬಂತೆಂದರೆ ಹೂವಿನ ನೀರಿಗೆ ಸ್ಪ್ರಿಂಕ್ಲರ್ ಹಾಕುತ್ತೀರಿ, ಕೆರೆ ಇಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಸೊಂಟದ ಮಟ್ಟದ ನೀರು ಇದ್ದಾಗ ಆಡುವುದು ಒಳ್ಳೆಯದು. ಮುಳುಗಿದ ಹಡಗನ್ನು ಇಳಿದು ಎತ್ತಬಹುದು. ಜಲಸಸ್ಯ ಮೊದಲೇ ತೆಗೆಸಿ, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಮೋಟರ್ ಸುಡುತ್ತದೆ. ಸಂಜೆ ಕತ್ತಲಾಗುವ ಮೊದಲು ಮನೆಗೆ ಬನ್ನಿ. ನಿಮ್ಮ ಕಡೆ ಆನೆಗಳಿಗೂ ಅದೇ ಕೆರೆ ಬೇಕು, ಅವುಗಳ ಜೊತೆ ಜಟ್ಲೆಂಡ್ ಬೇಡ.

ಒಳಗಿನ ನೀರನ್ನು ಹಿಡಿತದಲ್ಲಿಡುವ ಉಪಾಯವೊಂದನ್ನು ಕಟ್ಟುವಾಗಲೇ ಮಾಡಿಕೊಳ್ಳಬೇಕು, ಆಮೇಲೆ ಆಗುವುದಿಲ್ಲ. ಹಡಗಿನ ತಳದ ಎರಡೂ ಪಕ್ಕವನ್ನು ಹಗುರವಾದ, ನೀರು ಹೀರದ ಫೋಮ್‌ನಿಂದ ತುಂಬಿ, ನಡುವೆ ಉದ್ದಕ್ಕೂ ಕಿರಿದಾದ ಕಾಲುವೆ ಬಿಡಿ. ನುಗ್ಗಿದ ನೀರು ಮೊದಲು ಆ ಕಾಲುವೆಗೆ ಇಳಿಯುತ್ತದೆ, ಅಡ್ಡಡ್ಡ ಓಡಾಡಲು ಅದಕ್ಕೆ ಜಾಗ ಇರುವುದಿಲ್ಲ. ಕಾಲುವೆಯ ಅತಿ ತಗ್ಗಿನ ಜಾಗದಲ್ಲಿ ಪಂಪ್ ಕೂರಿಸಿ. ಬ್ಯಾಟರಿ ತಳದಲ್ಲಿ, ಕಾಲುವೆಯ ಪಕ್ಕದಲ್ಲೇ ಇರಲಿ. ರಿಸೀವರ್ ಮಾತ್ರ ಮೇಲೆ, ನೀರು ಹೋಗದ ಡಬ್ಬಿಯಲ್ಲಿ. ಅದರ ಆಂಟೆನಾ ಡೆಕ್ಕಿಗಿಂತ ಎತ್ತರದಲ್ಲಿರಬೇಕು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೊ ಅಲೆ ನೀರಿನೊಳಗೆ ಹೋಗುವುದಿಲ್ಲ. ಪಂಪ್ ನೀರು ಉಗುಳುವ ಬಾಯಿಯನ್ನು ಇಂಚಿನ ಎಂಟನೇ ಒಂದು ಪಾಲಿಗೆ, ಅಂದರೆ ಸುಮಾರು 3 ಮಿಲಿಮೀಟರಿಗೆ ಮಿತಿ ಮಾಡುವುದು ಆಟದ ನಿಯಮ. ಎರಡೂ ಹಡಗಿಗೆ ಒಂದೇ ಅಳತೆಯ ಬಾಯಿ ಇಡಿ. ಇಲ್ಲದಿದ್ದರೆ ಅಣ್ಣತಮ್ಮಂದಿರ ಜಗಳ ದಡದಿಂದ ಮನೆಯವರೆಗೆ ಬರುತ್ತದೆ.

ಹೊದಿಕೆ ಅಂಟಿಸಿದ ಮೇಲೆ, ತೋಪು ಹಾಕುವ ಮೊದಲು, ಒಂದು ಪರೀಕ್ಷೆ ಮಾಡಿ. ಹಡಗನ್ನು ದಡದ ಹತ್ತಿರ ತೇಲಿಸಿ, ಒಳಗೆ ಲೋಟದಿಂದ ಒಂದೊಂದೇ ಅಳತೆ ನೀರು ಹಾಕುತ್ತಾ ಬನ್ನಿ. ಪ್ರತಿ ಸಲ ಬೆರಳಿನಿಂದ ಡೆಕ್ಕಿನ ಅಂಚನ್ನು ಮೆಲ್ಲಗೆ ಒತ್ತಿ ಬಿಡಿ. ಎಷ್ಟನೇ ಲೋಟಕ್ಕೆ ಅದು ಮತ್ತೆ ನೆಟ್ಟಗಾಗಲು ಸೋಮಾರಿತನ ಮಾಡುತ್ತದೆ ಅಂತ ಬರೆದಿಡಿ. ಆಮೇಲೆ ಬ್ಯಾಟರಿಯನ್ನು ಬೆರಳಗಲ ಕೆಳಗಿಳಿಸಿ ಮತ್ತೆ ಮಾಡಿ. ಈ ಪಟ್ಟಿ ಇಟ್ಟುಕೊಂಡರೆ ಮೈಸೂರು ಕಟ್ಟುವಾಗ ನಿಮಗೇ ಉಪಯೋಗ. ಅದನ್ನು ಕಟ್ಟುವಾಗ ಒಂದು ನೆನಪಿಡಿ: ಆಟದ ನಿಯಮಗಳು 1946ರ ಸುಮಾರಿಗೆ ನಿಲ್ಲುತ್ತವೆ. ಹಾಗಾಗಿ ನಕ್ಷೆ 1957ರ ಮೈಸೂರಿನದ್ದಲ್ಲ, ನಾಲ್ಕು ಗುಮ್ಮಟ ಮತ್ತು 12 ತೋಪಿನ ನೈಜೀರಿಯಾದ್ದು ತರಿಸಬೇಕು. ಬಾವುಟ ಯಾವುದು ಏರಿಸುತ್ತೀರಿ ಅನ್ನುವುದು ನಿಮ್ಮ ಕೆರೆ, ನಿಮ್ಮ ಇಷ್ಟ.

ಕೊನೆಗೆ, ಪ್ರತಿ ಹಡಗಿನ ಡೆಕ್ಕಿನ ಮೇಲೆ ಒಂದು ಚಿಕ್ಕ ಬೆಂಡು, ಅದಕ್ಕೆ ಕೆರೆಯ ಆಳಕ್ಕಿಂತ ಉದ್ದದ ನೈಲಾನ್ ದಾರ, ದಾರದ ಇನ್ನೊಂದು ತುದಿ ಕೀಲ್‌ಗೆ. ಹಡಗು ಮುಳುಗಿದಾಗ ಬೆಂಡು ಮೇಲೆ ಬರುತ್ತದೆ. ಬಣ್ಣ ಕಿತ್ತಳೆ ಇರಲಿ. ಹಸಿರು ಹಚ್ಚಿದರೆ ಪಾಚಿಯ ನಡುವೆ ಕಾಣುವುದಿಲ್ಲ.